ಜೂಲಿಯಾಳ ಪಕ್ಷ

ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ಮಾತು ಬಂದಾಗಲೆಲ್ಲ ಜನ ನೆನೆಯುವುದು ಗೋಡೆಗೋಡೆಯಿಂದ ದಿಟ್ಟಿಸುವ ದೊಡ್ಡಣ್ಣನ ಮುಖವನ್ನು, ಮನೆಯೊಳಗೇ ಕೂತು ಕಾಯುವ ಟೆಲಿಸ್ಕ್ರೀನನ್ನು, ಎರಡಕ್ಕೆ ಎರಡು ಕೂಡಿಸಿದರೆ ಐದು ಎಂದು ಒಪ್ಪಿಸುವ ಚಿತ್ರಹಿಂಸೆಯನ್ನು. ನನಗೆ ಮೊದಲು ನೆನಪಾಗುವುದು ಸಕ್ಕರೆ. ಹಳೆಯ ಸಾಮಾನಿನ ಅಂಗಡಿಯೊಂದರ ಮಹಡಿಯ ಮೇಲೆ ಕಥಾನಾಯಕ ವಿನ್‌ಸ್ಟನ್ ಬಾಡಿಗೆಗೆ ಹಿಡಿದ ಕೋಣೆಗೆ ಅವನ ಪ್ರೇಯಸಿ ಜೂಲಿಯಾ ರಿಪೇರಿ ಸಾಮಾನಿನ ಚೀಲ ಹೊತ್ತು ಬರುತ್ತಾಳೆ. ಮೇಲೆ ಸ್ಪ್ಯಾನರ್, ಸ್ಕ್ರೂಡ್ರೈವರ್. ಅಡಿಯಲ್ಲಿ ಕಾಗದದ ಪೊಟ್ಟಣಗಳು. ನಿಜವಾದ ಸಕ್ಕರೆ, ಬಿಳಿ ಬ್ರೆಡ್ಡು, ಪುಟ್ಟ ಜಾಡಿಯಲ್ಲಿ ಜಾಮು, ಡಬ್ಬಿ ಹಾಲು. ಜೊತೆಗೆ, ವಾಸನೆ ಹೊರಗೆ ಹೋಗದಿರಲೆಂದು ಗೋಣಿಬಟ್ಟೆಯಲ್ಲಿ ಸುತ್ತಿ ತಂದ ಕಾಫಿ. ಅವರ ದೇಶವನ್ನಾಳುವ ಪಕ್ಷದ ಸಾಮಾನ್ಯ ಸದಸ್ಯರಿಗೆ ಸಿಗುವುದು ಸ್ಯಾಕರಿನ್ ಹಾಕಿದ ಕೆಟ್ಟ ಕಾಫಿ. ಇದು ಪಕ್ಷದ ದೊಡ್ಡವರು ಕುಡಿಯುವ ಕಾಫಿ. ಅಲ್ಲಿಂದ ಜಾರಿ ಇವಳ ಕೈ ಸೇರಿದೆ. ಅದನ್ನು ಕಾಯಿಸಿದಾಗ ಎದ್ದ ಘಮಕ್ಕೆ ಹೆದರಿ ಇಬ್ಬರೂ ಕಿಟಕಿ ಮುಚ್ಚುತ್ತಾರೆ. ಹೊರಗೆ ಯಾರಿಗಾದರೂ ಅನುಮಾನ ಬಂದರೆ?

ಕಾಫಿಯ ಘಮಕ್ಕೆ ಕಿಟಕಿ ಮುಚ್ಚಬೇಕಾದ ದೇಶ ಎಂಥದೆಂದು ನಮ್ಮ ಚಿಕ್ಕಮಗಳೂರು, ಕೊಡಗು, ಮೈಸೂರಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಡಿಕಾಕ್ಷನ್ ಇಳಿಯುವ ವಾಸನೆಯಿಂದಲೇ ಮನೆ ಎದ್ದಿತೆಂದು ತಿಳಿಯುವವರು ನಾವು. ಆದರೆ ಸಾಹಿತ್ಯದ ಮೇಷ್ಟರುಗಳು ಈ ಪುಟಕ್ಕೆ ಬಂದಾಗ ಸರಸರನೆ ಮುಂದೆ ಹೋಗುತ್ತಾರೆ. ಅವರಿಗೆ ಬೇಕಾದದ್ದು ಪಕ್ಷದ ಸಿದ್ಧಾಂತ, ಪಕ್ಷದ ಶತ್ರು ಗೋಲ್ಡ್‌ಸ್ಟೈನ್‌ನ ನಿಷೇಧಿತ ಪುಸ್ತಕ, ಅಧಿಕಾರದ ಮೀಮಾಂಸೆ. ವಿನ್‌ಸ್ಟನ್‌ಗೂ ಅದೇ ಬೇಕು. ಅವನು ಹಾಸಿಗೆಯ ಮೇಲೆ ಕೂತು ಆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರೆ ಜೂಲಿಯಾ ನಿದ್ದೆ ಹೋಗುತ್ತಾಳೆ. ಆ ನಿದ್ದೆಗಾಗಿ ಅವಳನ್ನು ಬೈದವರು ಬಹಳ. ನಾನು ಇವತ್ತು ಅವಳ ಪರವಾಗಿ ಮಾತಾಡಬೇಕೆಂದಿದ್ದೇನೆ.

ಮೊದಲು ಅವರ ದೇಶದ ಮದುವೆಯ ವಿಚಾರ ಹೇಳಿಬಿಡುತ್ತೇನೆ. ಪಕ್ಷದ ಸದಸ್ಯರು ಮದುವೆಯಾಗಬೇಕಾದರೆ ಒಂದು ಸಮಿತಿಯ ಒಪ್ಪಿಗೆ ಬೇಕು. ಗಂಡುಹೆಣ್ಣು ಒಬ್ಬರಿಗೊಬ್ಬರು ಮನಸೋತಿದ್ದಾರೆ ಎಂಬ ಸುಳಿವು ಸಿಕ್ಕಿದರೆ ಸಮಿತಿ ಒಪ್ಪುವುದಿಲ್ಲ. ದಾಂಪತ್ಯ ಇರುವುದು ಪಕ್ಷಕ್ಕೆ ಮಕ್ಕಳನ್ನು ಹೆತ್ತುಕೊಡಲು ಮಾತ್ರ; ಅದರಲ್ಲಿ ಸುಖವಿರಕೂಡದು. ವಿನ್‌ಸ್ಟನ್‌ನ ಹೆಂಡತಿ ಕ್ಯಾಥರೀನ್ ವಾರಕ್ಕೊಮ್ಮೆ ಆ ಕೆಲಸವನ್ನು ಪಕ್ಷದ ಕರ್ತವ್ಯವೆಂದು ಹೇಳಿ, ಕಣ್ಣು ಮುಚ್ಚಿ, ಸೆಟೆದು ಮಲಗುತ್ತಿದ್ದಳು. ಮಕ್ಕಳಾಗಲಿಲ್ಲ, ಇಬ್ಬರೂ ಬೇರೆಯಾದರು. ಜೂಲಿಯಾ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿರುತ್ತಾಳೆ. ಅದು ಕಾಮವನ್ನೇ ವಿರೋಧಿಸುವ ಯುವಸಂಘದ ಗುರುತು. ಇಪ್ಪತ್ತಾರರ ಈ ಹುಡುಗಿ ಯಂತ್ರಗಳು ಕಾದಂಬರಿ ತಯಾರಿಸುವ ವಿಭಾಗದಲ್ಲಿ ಮೆಕ್ಯಾನಿಕ್. ಮೂವತ್ತೊಂಬತ್ತರ ವಿನ್‌ಸ್ಟನ್ ಸತ್ಯ ಸಚಿವಾಲಯದಲ್ಲಿ ಕೂತು ಹಳೆಯ ಪತ್ರಿಕೆಗಳನ್ನು ತಿದ್ದುತ್ತಾನೆ; ಅವನ ಬಲಗಾಲಿನ ಕಣಕಾಲ ಮೇಲೆ ವಾಸಿಯಾಗದ ಹುಣ್ಣು. ಮೊದಮೊದಲು ಅವಳನ್ನು ಕಂಡರೆ ಅವನಿಗೆ ದ್ವೇಷ. ಅವಳು ಗೂಢಚಾರಿಣಿಯಿರಬೇಕೆಂದು ಅನುಮಾನಿಸಿ, ಕಲ್ಲಿನಿಂದ ತಲೆ ಜಜ್ಜಿಬಿಡಬೇಕೆಂದೂ ಯೋಚಿಸುತ್ತಾನೆ. ಒಂದು ದಿನ ಕಚೇರಿಯ ಪಡಸಾಲೆಯಲ್ಲಿ, ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅವಳು ಮುಗ್ಗರಿಸಿ ಬೀಳುತ್ತಾಳೆ. ಎತ್ತಲು ಹೋದವನ ಅಂಗೈಯಲ್ಲಿ ಒಂದು ಚೀಟಿ ಉಳಿಯುತ್ತದೆ. ಅದರಲ್ಲಿದ್ದದ್ದು ಪ್ರೇಮದ ಮಾತು.

ಮುಂದಿನ ಪುಟಗಳನ್ನು ನಾನು ಎಷ್ಟು ಸಲ ಓದಿದರೂ ದಣಿಯುವುದಿಲ್ಲ. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಎರಡು ಮಾತಾಡಲು ವಾರಕ್ಕಿಂತ ಹೆಚ್ಚು ಕಾಯಬೇಕು. ಆಮೇಲೆ ಒಂದು ಚೌಕದಲ್ಲಿ ಯುದ್ಧಕೈದಿಗಳ ಲಾರಿಗಳು ಸಾಲಾಗಿ ಹೋಗುತ್ತಿರುವಾಗ, ಜನರ ನೂಕುನುಗ್ಗಲಿನ ನಡುವೆ ಅವರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ತುಟಿ ಅಲುಗಿಸದೆ ಮಾತಾಡುವುದು ಜೂಲಿಯಾಗೆ ಕರಗತ. ಯಾವ ರೈಲು, ಯಾವ ಸ್ಟೇಷನ್ನು, ಯಾವ ದಾರಿ, ಯಾವ ಮುರಿದ ಗೇಟು, ಎಲ್ಲವನ್ನೂ ಸೈನ್ಯಾಧಿಕಾರಿಯ ಖಚಿತತೆಯಿಂದ ಹೇಳಿಬಿಡುತ್ತಾಳೆ. ಕಡೆಯ ಗಳಿಗೆಯಲ್ಲಿ ಕೈಗೆ ಕೈ ಸಿಗುತ್ತದೆ. ವಿನ್‌ಸ್ಟನ್ ಅವಳತ್ತ ತಿರುಗಿ ನೋಡುವಂತಿಲ್ಲ. ಕಣ್ಣು ಕೈದಿಗಳ ಮೇಲಿಟ್ಟು, ಬೆರಳಿನಿಂದಲೇ ಅವಳ ಉದ್ದ ಬೆರಳುಗಳನ್ನು, ಉಗುರುಗಳನ್ನು, ದುಡಿದು ಗಟ್ಟಿಯಾದ ಅಂಗೈಯನ್ನು ಕಲಿತುಕೊಳ್ಳುತ್ತಾನೆ. ಅವಳ ಕಣ್ಣಿನ ಬಣ್ಣ ಯಾವುದೆಂದು ಅವನಿಗೆ ಇನ್ನೂ ಗೊತ್ತಿಲ್ಲ. ಕೈ ಮಾತ್ರ ಪೂರ್ತಿ ಗೊತ್ತು. ಪ್ರೇಮದ ಬಗ್ಗೆ ಬರೆದ ಸಾವಿರಾರು ಪುಟಗಳ ನಡುವೆ ಈ ಅರ್ಧ ಪುಟ ನನಗೆ ಬೆಲೆಬಾಳುವಂಥದು.

ಆಮೇಲೆ ಲಂಡನ್ನಿನ ಬೀದಿಗಳಲ್ಲಿ ಅವರ ಮಾತುಕತೆ ತುಂಡುತುಂಡಾಗಿ ನಡೆಯುತ್ತದೆ. ಜನಸಂದಣಿಯಲ್ಲಿ ಒಬ್ಬರ ಪಕ್ಕ ಒಬ್ಬರಲ್ಲ, ಸ್ವಲ್ಪ ಹಿಂದೆ ಮುಂದೆ. ಸಮವಸ್ತ್ರದವರು ಕಂಡರೆ, ಟೆಲಿಸ್ಕ್ರೀನ್ ಹತ್ತಿರ ಬಂದರೆ, ವಾಕ್ಯದ ಮಧ್ಯದಲ್ಲೇ ಮೌನ. ಎರಡು ನಿಮಿಷ ಬಿಟ್ಟು ಅದೇ ವಾಕ್ಯ ಅಲ್ಲಿಂದಲೇ ಮುಂದುವರಿಯುತ್ತದೆ. ಒಂದು ಸಂಜೆ ಮುಗಿಯದ ಮಾತು ಮರುದಿನ ಸಂಜೆ ಯಾವ ಪೀಠಿಕೆಯೂ ಇಲ್ಲದೆ ಶುರುವಾಗುತ್ತದೆ. ಸುಮಾರು ಒಂದು ತಿಂಗಳ ಇಂಥ ಭೇಟಿಗಳಲ್ಲಿ ಮುತ್ತು ಸಿಕ್ಕಿದ್ದು ಒಂದೇ ಸಲ. ಹತ್ತಿರದಲ್ಲೇ ರಾಕೆಟ್ ಬಾಂಬು ಬಿದ್ದು ಇಬ್ಬರೂ ನೆಲಕ್ಕುರುಳುತ್ತಾರೆ. ಅವಳ ಮುಖ ಸುಣ್ಣದಂತೆ ಬಿಳಿಚಿದೆ, ತುಟಿಯೂ ಬಿಳಿ. ಸತ್ತಳೆಂದುಕೊಂಡು ಅಪ್ಪಿ ಮುತ್ತಿಡುತ್ತಾನೆ; ತುಟಿ ಬೆಚ್ಚಗಿದೆ, ಬದುಕಿದ್ದಾಳೆ. ಅವನ ತುಟಿಗೆ ಅಂಟಿದ್ದು ಉದುರಿದ ಗಾರೆಯ ಪುಡಿ.

ಈ ಪ್ರೇಮ ಬಂಡಾಯವಾದದ್ದು ಹೇಗೆ? ವಿನ್‌ಸ್ಟನ್‌ನ ಉತ್ತರ ಪ್ರಸಿದ್ಧವಾಗಿದೆ. ಹಳ್ಳಿಗಾಡಿನ ಆ ಮೊದಲ ಭೇಟಿಯಲ್ಲೇ, ಅವಳು ಪಕ್ಕದಲ್ಲಿ ಮಲಗಿರುವಾಗಲೇ, ತಮ್ಮ ಕೂಟ ಪಕ್ಷದ ಮೇಲೆ ಕೊಟ್ಟ ಏಟು, ಅದೊಂದು ರಾಜಕೀಯ ಕೃತ್ಯ ಎಂದು ಅವನು ತೀರ್ಮಾನಿಸುತ್ತಾನೆ. ಪರೀಕ್ಷೆ ಬರೆಯುವ ಮಕ್ಕಳೆಲ್ಲ ಈ ಮಾತಿಗೆ ಗೆರೆ ಎಳೆಯುತ್ತಾರೆ. ನನಗೆ ಅಲ್ಲಿಯೇ ತಕರಾರು. ಆ ಗಳಿಗೆಯಲ್ಲಿ ವಿನ್‌ಸ್ಟನ್ ಯೋಚಿಸುತ್ತಿರುವುದು ಪಕ್ಷದ ಭಾಷೆಯಲ್ಲಿ. ಪಕ್ಷಕ್ಕೂ ಮನುಷ್ಯರು ಮಾಡುವುದೆಲ್ಲ ರಾಜಕೀಯ ಕೃತ್ಯವೇ. ಊಟ, ನಿದ್ದೆ, ಮುಖದ ಮೇಲೆ ಹಾಯ್ದ ಒಂದು ಭಾವ ಕೂಡ. ಪಕ್ಕದಲ್ಲಿ ನಿದ್ದೆ ಹೋದ ಹುಡುಗಿಯನ್ನು ಏಟು, ವಿಜಯ ಎಂದು ಎಣಿಸುವವನು ಎದುರಾಳಿಯ ಲೆಕ್ಕದ ಪುಸ್ತಕದಲ್ಲೇ ತನ್ನ ಲೆಕ್ಕ ಬರೆಯುತ್ತಿದ್ದಾನೆ.

ಜೂಲಿಯಾಗೆ ಈ ಚಟವಿಲ್ಲ. ಆದರೆ ಪಕ್ಷ ಕಾಮಕ್ಕೆ ಯಾಕೆ ಹೆದರುತ್ತದೆ ಎಂಬುದನ್ನು ಕಾದಂಬರಿಯಲ್ಲಿ ಎಲ್ಲರಿಗಿಂತ ಸರಳವಾಗಿ ವಿವರಿಸುವವಳು ಅವಳೇ. ಸುಖವಾಗಿರುವವರು ಮೆರವಣಿಗೆಯಲ್ಲಿ ಕೂಗುವುದಿಲ್ಲ, ಪಕ್ಷದ ದ್ವೇಷದ ಸಪ್ತಾಹಕ್ಕೆ ಕಾಯುವುದಿಲ್ಲ. ಆ ಕಸುವನ್ನೆಲ್ಲ ಕಟ್ಟಿಹಾಕಿ ಯುದ್ಧದ ಉನ್ಮಾದಕ್ಕೆ ತಿರುಗಿಸಬೇಕೆಂಬುದು ಪಕ್ಷದ ಆಸೆ ಎನ್ನುತ್ತಾಳೆ. ಗೋಲ್ಡ್‌ಸ್ಟೈನ್‌ನ ದಪ್ಪ ಪುಸ್ತಕ ಓದಿ ವಿನ್‌ಸ್ಟನ್ ಕಲಿತದ್ದಕ್ಕಿಂತ ಹೆಚ್ಚನ್ನು ಇವಳು ಬದುಕಿಯೇ ಕಲಿತಿದ್ದಾಳೆ. ಹೋದ ದಾರಿಯಲ್ಲೇ ಹಿಂದಿರುಗಬಾರದು. ಸಣ್ಣ ನಿಯಮಗಳನ್ನು ಪಾಲಿಸುತ್ತಿದ್ದರೆ ದೊಡ್ಡ ನಿಯಮಗಳನ್ನು ಮುರಿಯಬಹುದು. ಇವು ಅವಳ ಸೂತ್ರಗಳು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೊರಳುತ್ತೇನೆ. ಈ ಬಗೆಯ ಕರಾಳ ಭವಿಷ್ಯದ ಕಾದಂಬರಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ, ಪ್ರೇಮದ ಮೇಲಿನ ನಿಷೇಧ ಒಂದೊಂದರಲ್ಲಿ ಒಂದೊಂದು ಥರ. ಯೆವ್ಗೆನಿ ಝಮ್ಯಾಟಿನ್ 1920–21ರ ಹೊತ್ತಿಗೆ ರಷ್ಯನ್‌ನಲ್ಲಿ ಬರೆದ ‘ನಾವು’ ಕಾದಂಬರಿಯಲ್ಲಿ ಜನರಿಗೆ ಹೆಸರಿಲ್ಲ, ಅಂಕಿಗಳಷ್ಟೆ. ಕಥಾನಾಯಕ ಡಿ-503, ಬಾಹ್ಯಾಕಾಶ ನೌಕೆ ಕಟ್ಟುತ್ತಿರುವ ಎಂಜಿನಿಯರು. ಅಲ್ಲಿ ಕಾಮಕ್ಕೆ ಅಡ್ಡಿಯಿಲ್ಲ. ಯಾರು ಯಾರನ್ನಾದರೂ ಬಯಸಿ ಅರ್ಜಿ ಹಾಕಬಹುದು. ಗುಲಾಬಿ ಬಣ್ಣದ ಚೀಟಿ ಸಿಗುತ್ತದೆ. ಮನೆಗಳೆಲ್ಲ ಗಾಜಿನವು. ಆ ಚೀಟಿ ತೋರಿಸಿದ ಗಂಟೆಯಲ್ಲಿ ಮಾತ್ರ ಪರದೆ ಇಳಿಬಿಡಲು ಅನುಮತಿ. ಅಂಥ ಊರಿನಲ್ಲಿ ಐ-330 ಎಂಬ ಹೆಂಗಸು ಡಿ-503ನನ್ನು ಚೀಟಿಯಿಲ್ಲದೆ, ಗಾಜಿಲ್ಲದ ಗೋಡೆಗಳಿರುವ ಹಳೆಯ ಮನೆಯೊಂದರಲ್ಲಿ ಸಂಧಿಸುತ್ತಾಳೆ. ಅಪರಾಧ ಇರುವುದು ಆ ಗೋಡೆಗಳಲ್ಲಿ. 1932ರ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಆಲ್ಡಸ್ ಹಕ್ಸ್‌ಲಿ ಇನ್ನೂ ಮುಂದೆ ಹೋಗಿ ಬಹುಸಂಗವನ್ನೇ ಸಭ್ಯತೆಯಾಗಿಸಿದ, ಅಲ್ಲಿ ಒಬ್ಬರ ಜೊತೆಗೇ ಹೆಚ್ಚು ಕಾಲ ಇರುವುದು ನಾಚಿಕೆಗೇಡು. ಮಾರ್ಗರೆಟ್ ಆಟ್‌ವುಡ್‌ಳ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ನಲ್ಲಿ, ಅದು 1985ರದು, ಯಜಮಾನ–ದಾಸಿಯರ ಕೂಟವೆಂದರೆ ಅವನ ಹೆಂಡತಿಯ ಎದುರಿನಲ್ಲೇ ನಡೆಯುವ ಒಂದು ವಿಧಿ. ಅದೇ ಹೆಂಡತಿ, ಮಗು ಬೇಕೆಂಬ ಆಸೆಗೆ, ದಾಸಿಯನ್ನು ಕಾರು ಓಡಿಸುವ ನಿಕ್‌ನ ಬಳಿಗೆ ಕಳುಹಿಸುತ್ತಾಳೆ. ಆಮೇಲೆ ದಾಸಿ ಯಾರೂ ಕಳುಹಿಸದೆ ತಾನಾಗಿಯೇ ಅವನ ಬಳಿಗೆ ಹೋಗಲು ಶುರುಮಾಡುತ್ತಾಳೆ. ಅವಳ ಪ್ರಾಣಕ್ಕೆ ಸಂಚಕಾರ ತರುವುದು ಈ ಎರಡನೆಯ ಹೋಗುವಿಕೆ.

ಒಂದು ಸರ್ಕಾರ ಬೇಡವೆನ್ನುತ್ತದೆ, ಒಂದು ಚೀಟಿ ಕೊಡುತ್ತದೆ, ಒಂದು ಕಡ್ಡಾಯ ಮಾಡುತ್ತದೆ, ಇನ್ನೊಂದು ಪೂಜೆಯಾಗಿಸುತ್ತದೆ. ಹೀಗಿದ್ದ ಮೇಲೆ ನಿಷಿದ್ಧವಾದದ್ದು ಕಾಮವಲ್ಲ, ಮದುವೆಯಲ್ಲ, ಬಹುಶಃ ಪ್ರೇಮವೂ ಅಲ್ಲ. ಮೂರನೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಇಬ್ಬರ ನಡುವೆ ಇರುವುದು, ಅಷ್ಟನ್ನು ಮಾತ್ರ ಈ ನಾಲ್ಕೂ ಸರ್ಕಾರಗಳು ತಡೆದುಕೊಳ್ಳಲಾರವು. ಒಬ್ಬನೇ ಇಟ್ಟುಕೊಂಡ ಗುಟ್ಟನ್ನು ಅವು ಹೇಗೋ ಸಹಿಸುತ್ತವೆ. ಒಂಟಿ ಮನುಷ್ಯ ತನ್ನ ನೆನಪನ್ನೇ ಅನುಮಾನಿಸಲು ತೊಡಗುತ್ತಾನೆ, ವಿನ್‌ಸ್ಟನ್‌ಗೆ ಡೈರಿ ಬರೆಯುವಾಗ ಆದದ್ದು ಅದೇ. ಇಬ್ಬರಿದ್ದರೆ ಒಬ್ಬರ ನೆನಪಿಗೆ ಇನ್ನೊಬ್ಬರು ಸಾಕ್ಷಿ.

ಝಮ್ಯಾಟಿನ್‌ನ ಮಾತು ಬಂದಿತಲ್ಲ, ಇನ್ನೊಂದು ಸಂಗತಿ ಹೇಳದೆ ಇರಲಾರೆ. ಅವನು ವೃತ್ತಿಯಿಂದ ಹಡಗಿನ ಎಂಜಿನಿಯರು. 1916ರಲ್ಲಿ ರಷ್ಯಾದ ಹಿಮಭೇದಕ ಹಡಗುಗಳನ್ನು ಕಟ್ಟಿಸಲು ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಹೋಗಿ ಅಲ್ಲಿ ಸುಮಾರು ಒಂದೂವರೆ ವರ್ಷ ಇದ್ದ. ‘ನಾವು’ ಅವನ ದೇಶದಲ್ಲಿ ಅಚ್ಚಾಗಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಹೊರಬಂತು, ಸೋವಿಯತ್ ನೆಲದಲ್ಲಿ ಬೆಳಕು ಕಂಡದ್ದು 1988ರಲ್ಲಿ. ಲೇಖಕ 1931ರಲ್ಲಿ ಸ್ಟಾಲಿನ್‌ಗೇ ಪತ್ರ ಬರೆದು ದೇಶ ಬಿಡಲು ಅನುಮತಿ ಪಡೆದು, 1937ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. ಆರ್ವೆಲ್ ಈ ಪುಸ್ತಕವನ್ನು ಓದಿ, 1946ರ ಜನವರಿಯಲ್ಲಿ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ. ಅದಕ್ಕೂ ಹಿಂದಿನ ವರ್ಷದ ಮಾರ್ಚಿನಲ್ಲಿ, ಅದೇ ನ್ಯೂಕ್ಯಾಸಲ್‌ನ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವನ ಹೆಂಡತಿ ಐಲೀನ್ ಪ್ರಾಣ ಬಿಟ್ಟಿದ್ದಳು. ಯುದ್ಧಕಾಲದಲ್ಲಿ ಸರ್ಕಾರದ ಸೆನ್ಸಾರ್ ಇಲಾಖೆಯಲ್ಲಿ ದುಡಿದವಳು ಆಕೆ. ಮದುವೆಗೂ ಮುಂಚೆ, 1934ರಲ್ಲಿ, ತಾನು ಓದಿದ ಶಾಲೆಯ ಐವತ್ತನೆಯ ವರ್ಷಕ್ಕೆ ಒಂದು ಪದ್ಯ ಬರೆದಿದ್ದಳು. ಮುಂದಿನ ಐವತ್ತು ವರ್ಷಗಳನ್ನು ಕಲ್ಪಿಸುವ ಆ ಪದ್ಯದ ಶೀರ್ಷಿಕೆಯಲ್ಲಿ 1984 ಎಂಬ ಇಸವಿ ಇದೆ. ಕಾದಂಬರಿಯ ಹೆಸರು ಅಲ್ಲಿಂದಲೇ ಬಂತೆಂದು ನಾನು ವಾದಿಸುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ, ಕ್ಷಯ ಹತ್ತಿದ ಗಂಡಸೊಬ್ಬ ಸ್ಕಾಟ್ಲೆಂಡಿನ ಜೂರಾ ದ್ವೀಪದ ಒಂಟಿಮನೆಯಲ್ಲಿ ಕೂತು ಇಬ್ಬರು ಪ್ರೇಮಿಗಳ ಕೋಣೆಯನ್ನು ಬರೆದ ಎಂಬುದು ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ, ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಆ ಮನುಷ್ಯನಿಗೆ ಪ್ರಜೆಗಳ ಮೇಲೆ ಕಣ್ಣಿಡುವುದು ಹೇಗೆಂದು ಒಳಗಿನಿಂದಲೇ ಗೊತ್ತಿತ್ತು. ಪುಸ್ತಕ ಬಂದದ್ದು 1949ರ ಜೂನ್ 8ರಂದು. ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯ ಹಾಸಿಗೆಯಲ್ಲೇ ಸೋನಿಯಾ ಬ್ರೌನೆಲ್‌ಳನ್ನು ಮದುವೆಯಾದ. ಜೂಲಿಯಾಳಲ್ಲಿ ಸೋನಿಯಾಳ ಛಾಯೆಯಿದೆ ಎಂದು ಹೇಳುವವರು ಬಹಳ. 1950ರ ಜನವರಿ 21ರಂದು ಆರ್ವೆಲ್ ತೀರಿಕೊಂಡ. ವಯಸ್ಸು ನಲವತ್ತಾರು.

ಕಾದಂಬರಿಯಲ್ಲಿ ಇದೆಲ್ಲ ಉತ್ಪ್ರೇಕ್ಷೆ ಎಂದು ಯಾರಿಗಾದರೂ ಅನ್ನಿಸಿದರೆ, ಆ ಕಾಲದ ಕಾನೂನುಗಳನ್ನು ತೆಗೆದು ನೋಡಬೇಕು. ಜರ್ಮನಿಯಲ್ಲಿ 1935ರ ನ್ಯೂರೆಂಬರ್ಗ್ ಕಾನೂನು ಯಹೂದಿಗಳಿಗೂ ‘ಜರ್ಮನ್ ರಕ್ತ’ದವರಿಗೂ ನಡುವೆ ಮದುವೆಯನ್ನೂ ಸಂಬಂಧವನ್ನೂ ಅಪರಾಧ ಮಾಡಿತು. ಆರ್ವೆಲ್ ಈ ಕಾದಂಬರಿಯ ಕೆಲಸದಲ್ಲಿದ್ದ ಕಾಲದಲ್ಲೇ, 1947ರ ಫೆಬ್ರವರಿಯಲ್ಲಿ, ಸೋವಿಯತ್ ಸರ್ಕಾರ ತನ್ನ ಪ್ರಜೆಗಳು ವಿದೇಶೀಯರನ್ನು ಮದುವೆಯಾಗಕೂಡದೆಂದು ಆಜ್ಞೆ ಹೊರಡಿಸಿತು. ಅದು ರದ್ದಾದದ್ದು ಸ್ಟಾಲಿನ್ ಸತ್ತ ಮೇಲೆ. ಪುಸ್ತಕ ಅಂಗಡಿಗೆ ಬಂದ 1949ರಲ್ಲೇ ದಕ್ಷಿಣ ಆಫ್ರಿಕಾ ಬಿಳಿಯರು ಇತರರನ್ನು ಮದುವೆಯಾಗುವುದನ್ನು ನಿಷೇಧಿಸಿತು. ಆ ಕಾನೂನು 1985ರ ತನಕ ಉಳಿಯಿತು.

ಅಮೆರಿಕದ ವರ್ಜೀನಿಯಾದ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಯನ್ನು ಇಲ್ಲಿ ನೆನೆಯಲೇಬೇಕು. ಅವನು ಬಿಳಿಯ, ಇಟ್ಟಿಗೆ ಕಟ್ಟುವ ಗಾರೆ ಕೆಲಸದವನು. ಅವಳು ಕಪ್ಪು ಮತ್ತು ಮೂಲನಿವಾಸಿ ಮನೆತನದವಳು. 1958ರ ಜೂನಿನಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಊರಿಗೆ ಬಂದರು. ಮರುತಿಂಗಳ ಒಂದು ರಾತ್ರಿ ಷೆರಿಫ್ ಮತ್ತು ಅವನ ಜನ ಮಲಗುವ ಕೋಣೆಗೇ ನುಗ್ಗಿ, ಟಾರ್ಚ್ ಬಿಟ್ಟು ಎಬ್ಬಿಸಿದರು. ಗೋಡೆಗೆ ತೂಗುಹಾಕಿದ್ದ ಮದುವೆಯ ಸರ್ಟಿಫಿಕೇಟು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಒಂದು ವರ್ಷದ ಸೆರೆವಾಸ. ಇಪ್ಪತ್ತೈದು ವರ್ಷ ಇಬ್ಬರೂ ಒಟ್ಟಿಗೆ ರಾಜ್ಯದೊಳಗೆ ಬರದಿದ್ದರೆ ಅದಕ್ಕೆ ತಡೆ ಎಂದಾಯಿತು. ಅವರು ಭಾಷಣ ಮಾಡಲಿಲ್ಲ, ಪಕ್ಷ ಕಟ್ಟಲಿಲ್ಲ. ಮಿಲ್ಡ್ರೆಡ್ ಒಂದು ಪತ್ರ ಬರೆದಳು, ಅಷ್ಟೆ. ಅವಳಿಗೆ ತನ್ನ ಜನರ ನಡುವೆ ಬದುಕಬೇಕಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ ರಿಚರ್ಡ್ ತನ್ನ ವಕೀಲರಿಗೆ ಹೇಳಿಕಳುಹಿಸಿದ್ದೂ ಇಷ್ಟೇ: ತನಗೆ ತನ್ನ ಹೆಂಡತಿಯ ಮೇಲೆ ಪ್ರೀತಿಯಿದೆ, ಅವಳೊಡನೆ ವರ್ಜೀನಿಯಾದಲ್ಲಿ ಇರಲು ಬಿಡದಿರುವುದು ಅನ್ಯಾಯ ಎಂದು ಕೋರ್ಟಿಗೆ ತಿಳಿಸಬೇಕು. 1967ರ ಜೂನ್ 12ರಂದು ನ್ಯಾಯಾಧೀಶರೆಲ್ಲ ಒಮ್ಮತದಿಂದ ಅವರ ಪರ ತೀರ್ಪಿತ್ತರು. ಅಮೆರಿಕದ ರಾಜ್ಯಗಳಲ್ಲಿ ಉಳಿದಿದ್ದ ಅಂಥ ಕಾನೂನುಗಳೆಲ್ಲ ಅದರೊಂದಿಗೆ ಬಿದ್ದುಹೋದವು. ಬಂಡಾಯಗಾರರೆಂದು ಕರೆಸಿಕೊಳ್ಳುವ ಆಸೆಯೇ ಇಲ್ಲದ ಇಬ್ಬರು ಎಂಥ ಕೆಲಸ ಮಾಡಿದರು ನೋಡಿ.

ನಮ್ಮ ಕಲ್ಯಾಣದ ಕಥೆ ಕನ್ನಡದವರಿಗೆ ಇಲ್ಲಿ ನೆನಪಾಗದೆ ಇರದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯನ್ನು ಬಿಜ್ಜಳನ ಆಸ್ಥಾನ ರಾಜದ್ರೋಹದ ತಕ್ಕಡಿಯಲ್ಲೇ ತೂಗಿತು. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಹೇಳುತ್ತ ಬಂದಿದೆ. ಕಾರ್ನಾಡರ ‘ತಲೆದಂಡ’ದಲ್ಲೂ ಇದೇ ಘಟನೆ ನಡುಗಂಬ. ಆದರೆ ಅದು ಗುಟ್ಟಿನ ಪ್ರೇಮವಲ್ಲ. ಶರಣರು ಎಲ್ಲರ ಕಣ್ಣೆದುರು, ತಿಳಿದು, ಒಪ್ಪಿ ಮಾಡಿದ ಮದುವೆ. ಅವರ ಹಿಂದೆ ಒಂದು ಸಮುದಾಯವಿತ್ತು. ವಿನ್‌ಸ್ಟನ್–ಜೂಲಿಯಾರ ಹಿಂದೆ ಯಾರೂ ಇಲ್ಲ. ಹಾಗೆ ಯಾರಾದರೂ ಇರಬೇಕೆಂಬ ಹಂಬಲವೇ ವಿನ್‌ಸ್ಟನ್‌ನನ್ನು ಓಬ್ರಿಯನ್‌ನ ಮನೆಬಾಗಿಲಿಗೆ ಕರೆದೊಯ್ಯುತ್ತದೆ. ಆ ಹಂಬಲವನ್ನು ನಾನು ಹಳಿಯುವುದಿಲ್ಲ. ಅದು ಅವನನ್ನು ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ನೋಡಬೇಕು.

ಓಬ್ರಿಯನ್ ಪಕ್ಷದ ಒಳವಲಯದವನು. ವಿನ್‌ಸ್ಟನ್ ಅವನನ್ನು ಗುಪ್ತ ಸಂಘಟನೆಯ ನಾಯಕನೆಂದು ನಂಬಿದ್ದಾನೆ. ಇಬ್ಬರೂ ಅವನ ಮನೆಗೆ ಹೋಗುತ್ತಾರೆ. ಅವನು ಜೂಲಿಯಾಳತ್ತ ನೋಡದೆ, ಅವಳ ಪರವಾಗಿಯೂ ವಿನ್‌ಸ್ಟನ್ ಉತ್ತರಿಸುತ್ತಾನೆಂದೇ ತಿಳಿದು, ಪ್ರಶ್ನೆಗಳನ್ನು ಕೇಳುತ್ತಾ ಹೋಗುತ್ತಾನೆ. ಪ್ರಾಣ ಕೊಡುತ್ತೀರಾ? ಕೊಲೆ ಮಾಡುತ್ತೀರಾ? ನೂರಾರು ಅಮಾಯಕರು ಸಾಯುವಂಥ ವಿಧ್ವಂಸಕ್ಕೆ ಇಳಿಯುತ್ತೀರಾ? ಮಕ್ಕಳ ಮನಸ್ಸು ಕೆಡಿಸುತ್ತೀರಾ, ರೋಗ ಹರಡುತ್ತೀರಾ? ಅಗತ್ಯಬಿದ್ದರೆ ಮಗುವಿನ ಮುಖಕ್ಕೆ ಆಸಿಡ್ ಎರಚುತ್ತೀರಾ? ವಿನ್‌ಸ್ಟನ್ ಎಲ್ಲಕ್ಕೂ ಹೂಂ ಎನ್ನುತ್ತಾನೆ. ಕೊನೆಯಲ್ಲಿ ಓಬ್ರಿಯನ್ ಕೇಳುತ್ತಾನೆ: ನೀವಿಬ್ಬರೂ ಅಗಲಿ, ಇನ್ನೆಂದೂ ಒಬ್ಬರನ್ನೊಬ್ಬರು ನೋಡದೆ ಇರಲು ಸಿದ್ಧರೇ? ಇಲ್ಲ ಎಂದು ಜೂಲಿಯಾ ನಡುವೆ ಬಾಯಿ ಹಾಕುತ್ತಾಳೆ. ವಿನ್‌ಸ್ಟನ್‌ನ ನಾಲಿಗೆ ಮಾತ್ರ ಬಹಳ ಹೊತ್ತು ಹೊರಳುವುದಿಲ್ಲ. ಯಾವ ಉತ್ತರ ಬರುತ್ತದೆಂದು ಅವನಿಗೇ ತಿಳಿಯದು. ಕಡೆಗೆ ಅವನೂ ಇಲ್ಲ ಎನ್ನುತ್ತಾನೆ.

ಈ ಅಧ್ಯಾಯದ ಹಿಂದಿನ ಅಧ್ಯಾಯವೇ ವಿನ್‌ಸ್ಟನ್ ತನ್ನ ತಾಯಿಯನ್ನು ನೆನೆದು ಅತ್ತದ್ದು. ಹಸಿದ ಹುಡುಗನಾಗಿದ್ದಾಗ ಅವನು ಪುಟ್ಟ ತಂಗಿಯ ಪಾಲಿನ ಚಾಕೊಲೇಟನ್ನು ಕಿತ್ತುಕೊಂಡು ಓಡಿದ್ದ. ತಾಯಿ ಕೊಡಲು ಬೇರೇನೂ ಇಲ್ಲದೆ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಳು. ಆ ಅಪ್ಪುಗೆಯಿಂದ ಚಾಕೊಲೇಟೂ ಬರಲಿಲ್ಲ, ಸಾವೂ ತಪ್ಪಲಿಲ್ಲ. ಆದರೂ ಅದಕ್ಕೆ ಅದರದೇ ಬೆಲೆಯಿತ್ತು, ಪಕ್ಷ ಕಸಿದುಕೊಂಡದ್ದು ಆ ತಿಳಿವಳಿಕೆಯನ್ನೇ ಎಂದು ಅವನಿಗೆ ಹೊಳೆಯುತ್ತದೆ. ಎಂಥ ದೊಡ್ಡ ಕಾಣ್ಕೆ! ಪುಟ ತಿರುಗಿಸಿದರೆ ಅದೇ ಮನುಷ್ಯ, ಯಾರೋ ಒಂದು ಮಗುವಿನ ಮುಖಕ್ಕೆ ಆಸಿಡ್ ಎರಚಲು ಒಪ್ಪುತ್ತಾನೆ. ಆರ್ವೆಲ್ ಈ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟದ್ದು ಆಕಸ್ಮಿಕ ಎಂದು ನಾನು ನಂಬಲಾರೆ. ಮುಂದೆ ಇಬ್ಬರೂ ಸಿಕ್ಕಿಬಿದ್ದ ಮೇಲೆ, ಪಕ್ಷದ ಸೆರೆಮನೆಯಾದ ಪ್ರೇಮ ಸಚಿವಾಲಯದಲ್ಲಿ, ನೈತಿಕವಾಗಿ ತಾನು ಪಕ್ಷಕ್ಕಿಂತ ಮೇಲು ಎಂದು ವಿನ್‌ಸ್ಟನ್ ಎದೆಯುಬ್ಬಿಸಿದಾಗ, ಪಕ್ಷದ ಆಳೇ ಆಗಿದ್ದ ಓಬ್ರಿಯನ್ ಆ ರಾತ್ರಿಯ ಧ್ವನಿಮುದ್ರಣವನ್ನು ಹಾಕಿ ಕೇಳಿಸುತ್ತಾನೆ. ಕೊಲ್ಲುತ್ತೇನೆ, ಸುಳ್ಳು ಹೇಳುತ್ತೇನೆ, ಮಗುವಿಗೆ ಆಸಿಡ್ ಎರಚುತ್ತೇನೆ ಎಂದ ಮಾತುಗಳು ಅವನವೇ. ಅವನನ್ನು ಕುಗ್ಗಿಸಲು ಬೇಕಾದದ್ದನ್ನೆಲ್ಲ ಅವನೇ ಕೊಟ್ಟಿದ್ದ. ಜೂಲಿಯಾ ನಡುವೆ ಬಾಯಿ ಹಾಕಿ ಹೇಳಿದ ಒಂದು ಮಾತಿನಿಂದ ಓಬ್ರಿಯನ್‌ಗೆ ಅಲ್ಲಿ ಏನೂ ಉಪಯೋಗವಿರಲಿಲ್ಲ.

ಇಷ್ಟು ಹೇಳಿ, ಜೂಲಿಯಾಳದೆಲ್ಲ ಸರಿ ಎಂದರೆ ಅದು ಕುರುಡು ಮೋಹವಾಗುತ್ತದೆ. ಕಾಯಂ ಕೋಣೆ ಹಿಡಿಯುವುದು ಹುಚ್ಚುತನ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ಹಿಡಿದರು. ಅವಳೂ ತನ್ನ ಸೂತ್ರಗಳನ್ನು ಬಿಟ್ಟುಕೊಟ್ಟಳು. ಏನು ಬೇಕಾದರೂ ಹೇಳಿಸಬಹುದು, ನಂಬಿಸಲಾರರು, ಮನುಷ್ಯನ ಒಳಕ್ಕೆ ಇಳಿಯಲಾರರು ಎಂದು ಅವಳು ಧೈರ್ಯ ಹೇಳಿದ್ದೂ ಸುಳ್ಳಾಯಿತು. ಹೇಗೆ ಒಳಕ್ಕಿಳಿದರು ಎಂಬುದು ಈ ಕಾದಂಬರಿಯ ಅತ್ಯಂತ ಭಯಾನಕ ವಿವರ. ಮೊದಲ ಓದಿನಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳುವುದೂ ಇಲ್ಲ. ಸಕ್ಕರೆ, ಕಾಫಿ ಬಂದ ಅದೇ ಸಂಜೆ ಹಲಗೆಯ ಸಂದಿನಿಂದ ಒಂದು ಇಲಿ ಮೂತಿ ಚಾಚುತ್ತದೆ. ಜೂಲಿಯಾ ಬೂಟು ಎಸೆದು ಓಡಿಸುತ್ತಾಳೆ. ವಿನ್‌ಸ್ಟನ್ ಬಿಳಿಚಿಕೊಂಡು, ಪ್ರಪಂಚದಲ್ಲಿ ತಾನು ಎಲ್ಲಕ್ಕಿಂತ ಹೆದರುವುದು ಇಲಿಗೆ ಎಂದು ಬಾಯಿಬಿಡುತ್ತಾನೆ. ಅವಳು ಅಪ್ಪಿ ಸಮಾಧಾನ ಮಾಡುತ್ತಾಳೆ. ಗೋಡೆಯ ಮೇಲಿನ ಹಳೆಯ ಚಿತ್ರದ ಹಿಂದೆ ಟೆಲಿಸ್ಕ್ರೀನ್ ಇದ್ದದ್ದು ಆಗ ಅವರಿಗೆ ಗೊತ್ತಿಲ್ಲ. ಪ್ರೀತಿಸುವವಳ ತೋಳಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ಭಯ ಅದು. ಅದನ್ನೇ ಪಂಜರದಲ್ಲಿಟ್ಟು ಪ್ರೇಮ ಸಚಿವಾಲಯದ 101ನೆಯ ಕೋಣೆಯಲ್ಲಿ ಅವನ ಮುಖಕ್ಕೆ ಹಿಡಿಯುತ್ತಾರೆ; ಆಗ ಅವನು, ಇದನ್ನು ಜೂಲಿಯಾಗೆ ಮಾಡಿ, ನನಗೆ ಬೇಡ ಎಂದು ಕಿರುಚುತ್ತಾನೆ.

ಬಿಡುಗಡೆಯಾದ ಮೇಲೆ, ಮಾರ್ಚ್ ತಿಂಗಳ ಒಂದು ಕೊರೆಯುವ ದಿನ, ಉದ್ಯಾನದಲ್ಲಿ ಇಬ್ಬರೂ ಎದುರಾಗುತ್ತಾರೆ. ಅವಳ ಹಣೆಗೆ ಅಡ್ಡಲಾಗಿ ಗಾಯದ ಕಲೆ; ಸೊಂಟ ಮರಗಟ್ಟಿದೆ. ನಿನಗೆ ದ್ರೋಹ ಮಾಡಿದೆ ಎಂದು ಅವಳೇ ಮೊದಲು ಹೇಳುತ್ತಾಳೆ, ಅವನೂ ಹೇಳುತ್ತಾನೆ. ಅವಳು ಅಲ್ಲಿಗೆ ನಿಲ್ಲಿಸುವುದಿಲ್ಲ. ಸಹಿಸಲಾಗದ್ದನ್ನು ತೋರಿಸಿ ಹೆದರಿಸಿದಾಗ, ಅದು ಇನ್ನೊಬ್ಬರಿಗೆ ಆಗಲಿ ಎಂದು ಬಾಯಲ್ಲಿ ಬರುತ್ತದೆ. ಬರಿಯ ಉಪಾಯಕ್ಕೆ ಹೇಳಿದೆ ಎಂದು ಆಮೇಲೆ ಅಂದುಕೊಳ್ಳಬಹುದು, ಆದರೆ ಆ ಗಳಿಗೆಯಲ್ಲಿ ಮನಸಾರೆ ಬಯಸಿರುತ್ತೇವೆ ಎನ್ನುತ್ತಾಳೆ. ಪ್ರೇಮ ಸತ್ತಿದೆ, ನಿಜ. ಆದರೆ ಸುಳ್ಳನ್ನೇ ಉಸಿರಾಡುವ ಆ ದೇಶದಲ್ಲಿ, ಮುರಿದುಬಿದ್ದ ಮೇಲೂ, ಮುರಿದದ್ದು ಹೇಗೆಂದು ಸುಳ್ಳಿಲ್ಲದೆ ಹೇಳಿದವಳು ಅವಳು.

ಜೂಲಿಯಾಳನ್ನು ಸೊಂಟದ ಕೆಳಗಷ್ಟೇ ಬಂಡಾಯಗಾರ್ತಿ ಎಂದು ವಿನ್‌ಸ್ಟನ್ ಹೀಗಳೆದಿದ್ದ. ಎಷ್ಟೋ ವಿಮರ್ಶಕರು ಅದನ್ನೇ ಅಂತಿಮ ತೀರ್ಪಿನಂತೆ ಒಪ್ಪಿಕೊಂಡರು. ಆರ್ವೆಲ್ ಹೆಂಗಸರನ್ನು ಬರೆದ ರೀತಿಯಲ್ಲೇ ಗಂಡುಗಣ್ಣಿದೆ ಎಂದು ಡಾಫ್ನೆ ಪಟಾಯ್ 1984ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಆ ದೂರಿನಲ್ಲಿ ಬಹಳಷ್ಟು ನ್ಯಾಯವಿದೆ. ಜೂಲಿಯಾಳ ಬಾಲ್ಯ, ಅವಳ ಇರುಳುಗಳು, ಸೆರೆಯಲ್ಲಿ ಅವಳಿಗೆ ಆದದ್ದು, ಯಾವುದೂ ನಮಗೆ ಪೂರ್ತಿ ಸಿಗುವುದಿಲ್ಲ. ಸಾಂಡ್ರಾ ನ್ಯೂಮನ್ ಎಂಬ ಲೇಖಕಿ 2023ರಲ್ಲಿ, ಆರ್ವೆಲ್‌ನ ಹಕ್ಕುದಾರರ ಒಪ್ಪಿಗೆಯಿಂದಲೇ, ಇಡೀ ಕಥೆಯನ್ನು ಜೂಲಿಯಾಳ ಕಡೆಯಿಂದ ‘ಜೂಲಿಯಾ’ ಎಂಬ ಹೆಸರಿನಲ್ಲಿ ಮತ್ತೆ ಬರೆದದ್ದು ಅದಕ್ಕೇ. ಆದರೂ ಆರ್ವೆಲ್ ಬರೆದಷ್ಟರಲ್ಲೇ, ಅವನ ನಾಯಕನಿಗೆ ಕಾಣದ್ದು ಓದುಗರಿಗೆ ಕಾಣುವಷ್ಟು ಜಾಗವಿದೆ.

‘1984’ ಅನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಎರಡನೆಯ ಭಾಗದ ಏಳು ಮತ್ತು ಎಂಟನೆಯ ಅಧ್ಯಾಯಗಳನ್ನು ನಡುವೆ ಏಳದೆ ಒಂದೇ ಸಲಕ್ಕೆ ಓದಿ. ವಿನ್‌ಸ್ಟನ್ ಎಷ್ಟು ಪ್ರಶ್ನೆಗೆ ಹೂಂ ಎಂದ, ಜೂಲಿಯಾ ಎಲ್ಲಿ ಬಾಯಿ ಹಾಕಿದಳು ಎಂದು ನೋಡಿಕೊಳ್ಳಿ. ಆಮೇಲೆ, ಇಬ್ಬರಲ್ಲಿ ಬಂಡಾಯವೆದ್ದವರು ಯಾರೆಂದು ನೀವೇ ಹೇಳಿ.